ಹಿಡಿಸೂಡಿಯ ಕೊಸರು

ನಾವು ಹಿಡಿಸೂಡಿ, ಅಂದರೆ ಕಡ್ಡಿ ಪೊರಕೆ, ಕಟ್ಟುವವರು. ತೆಂಗಿನ ಗರಿ ಹೆರೆದು, ಕಡ್ಡಿ ಕಟ್ಟಿ, ಕೊಕ್ಕರ್ಣೆಯಿಂದ ಬಸ್ಸಿನ ಮೇಲೆ ಹೇರಿಕೊಂಡು ಬ್ರಹ್ಮಾವರದ ಸಗಟು ಅಂಗಡಿಗೆ ಒಯ್ಯುತ್ತಿದ್ದೆ. ಅಂಗಡಿಯವನು ಒಂದನ್ನು ಎತ್ತಿ ಹಿಡಿದು, "ಹ್ವಾಯ್, ಇದ್ ಹಿಡ್ಸೂಡಿಯಾ, ಹಲ್ ಕುತ್ತು ಕಡ್ಡಿಯಾ?" ಎನ್ನುತ್ತಿದ್ದ. ಅವನ ಹಲ್ಲಿಗೆ ಅದೂ ಸಾಲದು ಎಂದು ನಾನೂ ಬಿಡುತ್ತಿರಲಿಲ್ಲ. ಜಗಳ ಮುಗಿದ ಮೇಲೆ ನೂರಕ್ಕೆ ಎರಡು ಕೊಸರು ಹಾಕುತ್ತಿದ್ದೆ. ಕೇಳಿದ್ದಕ್ಕಿಂತ ಚೂರು ಹೆಚ್ಚು ಕೊಟ್ಟರೇ ವ್ಯಾಪಾರ.

ಅವನೀಗ ಪ್ಲಾಸ್ಟಿಕ್ ಪೊರಕೆಯನ್ನು ಮೊಬೈಲಿನಲ್ಲೇ ತರಿಸುತ್ತಾನೆ. ಹಾಗಾಗಿ ನನ್ನ ಸೊಸೆಯೂ ಮೊಬೈಲಿನಲ್ಲೇ ಮಾರಲು ಹೊರಟಳು. ಸಗಟು ಕೊಳ್ಳುವವರು, ಮಾರುವವರು ಸೇರುವ ಸಂತೆಯಂತೆ ಅದು. ಯಾರ ಮುಖವೂ ಯಾರಿಗೂ ಕಾಣದು. ಹಿಡಿಸೂಡಿಯನ್ನು ಬಿಳಿ ಬೆಡ್‌ಶೀಟಿನ ಮೇಲೆ ಮಲಗಿಸಿ ಫೋಟೋ ತೆಗೆದಳು. ನನ್ನ ಮದುವೆಯಲ್ಲೂ ಅಷ್ಟು ಫೋಟೋ ತೆಗೆದಿರಲಿಲ್ಲ.

ಮುಂಬೈಯ ಹೋಟೆಲುಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದು ಐನೂರು ಬೇಕೆಂದಿತು. ಮೊದಲ ದೊಡ್ಡ ಆರ್ಡರು. ಸೊಸೆ ಅಕ್ಕಪಕ್ಕದ ಹೆಂಗಸರನ್ನು ಕಾಡಿ ಬೇಡಿ ಕಟ್ಟಿಸಿದಳು. ಕಂಪನಿ ಒಪ್ಪಿದರೆ ಎಲ್ಲರಿಗೂ ಕೆಲಸ. ವಾಪಸು ಬಂದರೆ ಇವಳ ಮಾತನ್ನು ಊರಲ್ಲಿ ಇನ್ಯಾರೂ ನಂಬುವುದಿಲ್ಲ.

ಮೂಟೆ ಕಟ್ಟುವಾಗ ನಾನು ಹತ್ತು ಕೊಸರು ಸೇರಿಸಿದೆ. ಅವಳಿಗೆ ಹೇಳಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿ ಮಾಡುತ್ತಾರೆಯೇ?

ಮುಂಬೈಯ ಗೋದಾಮಿನವರು ಎಣಿಸಿದರು, ಮೂಟೆಯನ್ನು ಬಾಗಿಲಲ್ಲೇ ತಡೆದರು. ಲೆಕ್ಕ ತಾಳೆಯಾಗುವುದಿಲ್ಲವಂತೆ. ಕಡಿಮೆ ಬಂದರೆ ಬರೆದುಕೊಳ್ಳಲು ಅವರ ಕಂಪ್ಯೂಟರಿನಲ್ಲಿ ಜಾಗವಿದೆ, ಹೆಚ್ಚು ಬಂದರೆ ಇಲ್ಲ. ಕದ್ದವನಿಗೆ ಮಣೆ ಹಾಕಿದ್ದಾರೆ, ಕೊಟ್ಟವನು ನಿಂತೇ ಇರಬೇಕು.

ಸೊಸೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಅತ್ತೆ, ಹೆಚ್ಚ್ ಹಾಕುಕೆ ನಿಮ್ಗೆ ಯಾರ್ ಹೇಳದ್?"

"ಕೊಸ್ರ್ ಇಲ್ದೆ ಕೊಟ್ರೆ ಮತ್ತೆ ಬತ್ರಾ ಹೆಣೆ?"

"ಈಗ ಕೊಟ್ಟದ್ದಕ್ಕೇ ವಾಪಾಸ್ ಕಳ್ಸ್ತ್ರ್ ಅಂಬ್ರ್."

ಅವಳು ಗೋದಾಮಿಗೆ ಫೋನು ಹಚ್ಚಿ, ಬರುವ ಹಿಂದಿ, ಬಾರದ ಹಿಂದಿ ಎಲ್ಲ ಆಡಿದಳು. ಹೆಚ್ಚಿನದು ಉಚಿತವೆಂದು ಬರೆದಿದ್ದರೆ ತೊಂದರೆಯಿರಲಿಲ್ಲ, ಬಿಲ್ಲು ತಿದ್ದಿ ಕಳಿಸಿ ಎಂದನಂತೆ ಅಲ್ಲಿಯವನು. 'ಐನೂರಕ್ಕೆ ಹತ್ತು ಉಚಿತ' ಎಂದು ಬರೆದಳು. ಅದೇ ಮೂಟೆ, ಅದೇ ಹಿಡಿಸೂಡಿ, ಒಳಗೆ ಹೋಯಿತು. ಉಚಿತ ಕಂಡು ಕಂಪನಿ ಮತ್ತೊಂದು ಆರ್ಡರನ್ನೂ ಕೊಟ್ಟಿತು.

ಈಗ ಆ ಸಂತೆಯಲ್ಲಿ ನಮ್ಮ ಫೋಟೋದ ಕೆಳಗೆ 'ಉಚಿತ' ಎಂದು ಕೆಂಪಕ್ಷರದಲ್ಲಿದೆ. ಆ ಹತ್ತರ ಬೆಲೆಯನ್ನು ಸೊಸೆ ಉಳಿದವುಗಳ ಮೇಲೆ ಹಂಚಿ ಹಾಕಿದ್ದಾಳೆ. ಅದು ಕೊಸರಲ್ಲ ಎಂದೆ. "ಅಲ್ಲ ಅತ್ತೆ, ಇದ್ ಆಫರ್" ಎಂದಳು.

ಕಾಸು ತೆಗೆದುಕೊಂಡು ಪುಕ್ಕಟೆ ಕೊಡುವುದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.