ಬಾವಿ ಬಿಟ್ಟು ತಿರುಗಿದ ರಸ್ತೆ

ಕೆಂಗೇರಿ ಉಪನಗರದ ರಸ್ತೆಗಾಗಿ ಪಕ್ಕದ ನಮ್ಮ ಹಳ್ಳಿಯ ಬಾವಿಯನ್ನು ಮುಚ್ಚುತ್ತಾರೆಂದು ಸುದ್ದಿಯಿತ್ತು. ಊರಿಗೆ ಇದ್ದದ್ದು ಅದೊಂದೇ ಬಾವಿ. ಆ ಬೇಸಿಗೆಯಲ್ಲಿ ಉಪನಗರದ ನಲ್ಲಿಗಳಲ್ಲಿ ನಾಲ್ಕು ದಿನ ನೀರು ಬರಲಿಲ್ಲ. ಐದನೆಯ ಬೆಳಿಗ್ಗೆ ಅಲ್ಲಿನ ಹೆಂಗಸರು ಬಿಂದಿಗೆ ಹಿಡಿದು ನಮ್ಮ ಬಾವಿಗೇ ಬಂದರು. ಹೈಸ್ಕೂಲು ಹುಡುಗಿಯಾಗಿದ್ದ ನಾನು ಅಮ್ಮನ ಜೊತೆ ನೀರು ಸೇದಿದೆ. ಅಂಗೈ ಉರಿಯುತ್ತಿದ್ದರೂ ನಿಲ್ಲಿಸಲು ಮನಸ್ಸಾಗಲಿಲ್ಲ.

“ಈ ಬಾವಿ ಮುಚ್ತಾರಂತೆ ಕಣ್ರಮ್ಮ,” ಅಂದಳು ಅಮ್ಮ.

“ಮುಚ್ಚೋಕೆ ಬಿಡ್ತೀವಾ? ಅರ್ಜಿ ಬರೀರಿ, ನಾವೂ ಸೈನ್ ಹಾಕ್ತೀವಿ,” ಅಂದರು ಅವರಲ್ಲೊಬ್ಬ ಟೀಚರ್.

ಅರ್ಜಿ ನಾನೇ ಬರೆದೆ. ಅಮ್ಮ ಮೊದಲ ಹೆಬ್ಬೆಟ್ಟು ಒತ್ತಿದಳು, ಕೆಳಗೆ ಉಪನಗರದವರ ಸಹಿಗಳು ತುಂಬಿದವು. ಕೊನೆಗೆ ಎಂಜಿನಿಯರ್ ಬಂದು, ರಸ್ತೆ ಬಾವಿಯನ್ನು ಬಿಟ್ಟು ತಿರುಗುವಂತೆ ಸುಣ್ಣದ ಗೆರೆ ಹಾಕಿಸಿದರು. ಅದನ್ನು ಹೇಳಲು ನಾನು ಹೊಲದಲ್ಲಿದ್ದ ಅಮ್ಮನ ಬಳಿಗೆ ಒಂದೇ ಉಸಿರಿಗೆ ಓಡಿದೆ.