ಗುದ್ದಣ್ಣ ಕಾಲೇಜು ಆರಿಸಿಕೊಂಡದ್ದು

ಅಪಘಾತವಾದ ಕಾರುಗಳ ನೆಗ್ಗು ತೆಗೆಯುವ ಟಿಂಕರನಿಗೆ ಗ್ಯಾರೇಜು ಬೀದಿಯಲ್ಲಿ ಗುದ್ದಣ್ಣ ಎಂದೇ ಹೆಸರು. ಅವನು ಸುತ್ತಿಗೆ ಎತ್ತಿದರೆ ಸಾಕು, ಅರ್ಧ ನೆಗ್ಗು ಹೆದರಿ ತಾನಾಗಿ ನೆಟ್ಟಗಾಗುತ್ತಿತ್ತು. ಸುತ್ತಿಗೆ ಕೈಯಲ್ಲಿಲ್ಲದಾಗ ಮನುಷ್ಯರನ್ನು ಗುದ್ದುತ್ತಿದ್ದ. ಅವನ ಹೊಡೆತಕ್ಕೆ ಉದುರಿದ ಹಲ್ಲುಗಳನ್ನು ಬಿತ್ತಿದ್ದರೆ ಬೀದಿಯ ತುಂಬ ಬೆಳೆ ನಿಲ್ಲುತ್ತಿತ್ತು.

ಒಂದು ದಿನ, ರಿಪೇರಿಯಾದ ಕಾರಿನ ಬಾಗಿಲಿನ ಬಣ್ಣ ಹೊಂದಲಿಲ್ಲ ಎಂದದ್ದಕ್ಕೆ, ಹೆಂಡತಿಯ ತಮ್ಮನ ದವಡೆ ಮುರಿದ. ಆಸ್ಪತ್ರೆಗೆ ಪೊಲೀಸರು ಬಂದು ಕೇಳಿದಾಗ ಭಾವಮೈದ, ಬಾಯಿಗೆ ತಂತಿ ಬಿಗಿಸಿಕೊಂಡೇ, ಜಾರಿ ಬಿದ್ದೆ ಎಂದು ಕೈಸನ್ನೆ ಮಾಡಿದ. ತನ್ನನ್ನು ಉಳಿಸಲು ಹೇಳಿದ ಆ ಸುಳ್ಳು ಕಂಡು, ಪಕ್ಕದಲ್ಲಿ ನಿಂತಿದ್ದ ಗುದ್ದಣ್ಣ ಅವನ ಕಾಲು ಹಿಡಿದು, ಇನ್ನು ಯಾರನ್ನೂ ಗುದ್ದುವುದಿಲ್ಲ ಎಂದ. ಮರುವಾರವೇ ಮಿಷನರಿ ಪದವಿ ಓದಿ ಸೇವೆಗೆ ಹೋಗುತ್ತೇನೆ ಎಂದು ಹಟ ಹಿಡಿದ.

“ನಿಮ್ಮ ಕೈಗೆ ಬೈಬಲ್ ಕೊಟ್ರೆ ಅದರಲ್ಲೇ ಬಡೀತೀರ, ಬಿಡ್ರಿ” ಎಂದಳು ಹೆಂಡತಿ.

ಅವರ ಚರ್ಚಿನ ಪಾಸ್ಟರು ಮಾತ್ರ, “ಯಾವ ಕಾಲೇಜು ಬೇಕೋ ಆರಿಸ್ಕೊ, ಶಿಫಾರಸು ನಾನು ಮಾಡ್ತೀನಪ್ಪ. ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಮಾಡಿದ್ಯೋ, ನನ್ನ ಬಾಗಿಲಿಗೆ ಬರಬೇಡ” ಎಂದು ಜೊತೆಗೆ ಹೊರಟರು.

ಮೊದಲನೆಯ ಕಾಲೇಜಿನಲ್ಲಿ ಹುಲ್ಲುಹಾಸು, ದೊಡ್ಡ ಗ್ರಂಥಾಲಯ. ಎಲ್ಲರದೂ ಬೆಣ್ಣೆ ಮಾತು. ಅಲ್ಲಿನ ಸೊಳ್ಳೆಗಳೂ ಕ್ಷಮೆ ಕೇಳಿಯೇ ಕಚ್ಚುತ್ತಿದ್ದವು.

ಎರಡನೆಯದಕ್ಕೆ ಶೀಟಿನ ಚಾವಣಿ. ಹಾಸ್ಟೆಲಿನ ಹಿತ್ತಲಿಗೆ ಕಾಲಿಟ್ಟರೆ, ನೀರಿನ ತೊಟ್ಟಿಯ ಬಳಿ ಇಬ್ಬರು ವಿದ್ಯಾರ್ಥಿಗಳು, ಕ್ರೈಸ್ತರಾಗುವವರಿಗೆ ಮಾಡಿಸುವ ದೀಕ್ಷಾಸ್ನಾನ ಹೇಗಿರಬೇಕು ಎಂದು ಜಗಳಕ್ಕೆ ಬಿದ್ದಿದ್ದರು.

“ತಲೆ ಮೇಲೆ ನೀರು ಚಿಮುಕಿಸಿದ್ರೆ ಸಾಕು ಅಂತೀಯಾ? ಪೂರ್ತಿ ಮುಳುಗೋದು ಅಂದ್ರೆ ಏನು ಅಂತ ತೋರಿಸ್ತೀನಿ, ಬಾ!” ಎಂದ ದಪ್ಪನೆಯವನು, ಸಣಕಲನ ಕತ್ತು ಹಿಡಿದು ತೊಟ್ಟಿಯೊಳಗೆ ಅದುಮಿದ. ಕಾಲುಗಳು ಗಾಳಿಯಲ್ಲಿ ಒದ್ದಾಡಿದವು. ನೀರು ಗುಳುಗುಳು ಎಂದಿತು.

ಗುದ್ದಣ್ಣ ಓಡಿಹೋಗಿ ಸಣಕಲನನ್ನು ಮೇಲೆಳೆದ. ಉಸಿರು ಬಂದದ್ದೇ ತಡ, ಸಣಕಲ ಕೈಗೆ ಸಿಕ್ಕ ಕಬ್ಬಿಣದ ಬಕೆಟ್ಟನ್ನು ದಪ್ಪನೆಯವನತ್ತ ಬೀಸಿದ. ದಪ್ಪನೆಯವನು ಬಗ್ಗಿದ. ಬಕೆಟ್ ಗುದ್ದಣ್ಣನ ಬಾಯಿಗೆ ಬಡಿದು, ಎರಡು ಹಲ್ಲು ರಕ್ತದ ಜೊತೆ ಹೊರಬಂದವು. ಮುಷ್ಟಿ ತಾನಾಗಿ ಮೇಲೆದ್ದಿತು. ಪಾಸ್ಟರು ಕಣ್ಣು ಮುಚ್ಚಿಕೊಂಡರು.

ಎತ್ತಿದ ಕೈಯನ್ನು ಗುದ್ದಣ್ಣ ತೊಟ್ಟಿಯ ಅಂಚಿಗೆ ಇಳಿಸಿದ. ಇನ್ನೊಂದು ಕೈಯಿಂದಲೂ ಅಂಚನ್ನೇ ಹಿಡಿದ.

“ಯಾವನೋ ನೀನು ನಮ್ಮಿಬ್ಬರ ಮಧ್ಯೆ ಬರೋಕೆ?” ಎಂದು ಈಗ ಇಬ್ಬರೂ ಒಂದಾಗಿ ಅವನ ಪಕ್ಕೆಗೆ ಒದ್ದರು. ಬೆನ್ನಿಗೆ ಗುದ್ದಿದರು. ತೊಟ್ಟಿಯ ಸಿಮೆಂಟು ಅವನ ಬೆರಳುಗಳಲ್ಲಿ ಬಿಸ್ಕತ್ತಿನಂತೆ ಪುಡಿಯಾಯಿತು, ಕೈ ಮಾತ್ರ ಮೇಲೇಳಲಿಲ್ಲ. ಹೊಡೆದು ಹೊಡೆದು ಸುಸ್ತಾದ ಮೇಲೆ ಅವರಿಗೆ ರಕ್ತ ಕಾಣಿಸಿತು. ನಿಂತರು.

ಪಾಸ್ಟರು ಗುದ್ದಣ್ಣನ ಬಾಯಿಗೆ ಕರವಸ್ತ್ರ ಒತ್ತುತ್ತ, “ನಡಿ, ಮೊದಲನೇ ಕಾಲೇಜೇ ಸರಿ. ಇಲ್ಲಿಗೆ ಬಂದ್ರೆ ಓದೋದಲ್ಲ, ಸಾಯೋದು” ಎಂದರು.

“ಅಲ್ಲಿ ನನ್ನನ್ನ ಯಾರು ಹೊಡೀತಾರೆ ಪಾಸ್ಟರ್? ಯಾರೂ ಹೊಡೀದೆ ಇದ್ರೆ, ಈ ಕೈ ಗುದ್ದೋದು ಬಿಟ್ಟಿದೆಯೋ ಇಲ್ವೋ ನಂಗೆ ಹೇಗೆ ಗೊತ್ತಾಗ್ಬೇಕು?”

ರಕ್ತ ಉಗಿದು ಸಣಕಲನ ಕಡೆ ತಿರುಗಿದ. “ತಮ್ಮಾ, ನಿಮ್ಮ ರೂಮಲ್ಲಿ ಇನ್ನೊಂದು ಮಂಚ ಹಿಡಿಯುತ್ತಾ?”

ತಲೆಯಿಂದ ನೀರು ಸುರಿಯುತ್ತಿದ್ದ ಹುಡುಗ ದಪ್ಪನೆಯವನ ಮುಖ ನೋಡಿದ. “ಹಿಡಿಯುತ್ತೆ ಅಣ್ಣಾ. ನಮ್ಮಿಬ್ಬರ ಮಂಚದ ಮಧ್ಯದಲ್ಲೇ ಹಾಕೋಣ.”