ಅಪ್ಪನ ಬಲಭುಜಕ್ಕೊಂದು ಬಂದೂಕು

ಅಪ್ಪ ಬಿದ್ದದ್ದನ್ನು ನಾನು ರಸ್ತೆಯ ಈಚೆ ಬದಿಯಿಂದ ನೋಡಿದೆ. ನೋಡಿದ್ದನ್ನಷ್ಟೇ ಬರೆಯುತ್ತೇನೆ.

ವಿಕ್ರೋಳಿಯ ಒಂದು ಚಿನ್ನದ ಅಂಗಡಿಯ ಬಾಗಿಲಲ್ಲಿ ಅಪ್ಪ ಬಂದೂಕು ಹೊತ್ತು ಕಾವಲಿಗಿದ್ದ. ಆ ಮಧ್ಯಾಹ್ನ ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಅವನು ಸ್ಟೂಲಿನಿಂದ ಏಳುವಾಗ ಬಲಭುಜದ ಮೇಲಿದ್ದ ಬಂದೂಕಿನ ಪಟ್ಟಿ ಜಾರಿತು. ಯಾರೂ ಕಸಿದುಕೊಳ್ಳಬಾರದೆಂದು ಕಾವಲಿನವರು ಬಂದೂಕನ್ನು ಸಣ್ಣ ಸರಪಳಿಯಿಂದ ಸೊಂಟದ ಬೆಲ್ಟಿಗೆ ಬಿಗಿದುಕೊಂಡಿರುತ್ತಾರೆ. ಹೀಗಾಗಿ ಬಂದೂಕು ತಾನೊಂದೇ ಬೀಳಲಿಲ್ಲ, ಅಪ್ಪನನ್ನೂ ಎಳೆದುಕೊಂಡು ಬಿತ್ತು. ಅವನ ಎರಡೂ ಮಂಡಿಗಳು ನೆಲ ಮುಟ್ಟಿದವು. ಜೋಡುನಳಿಗೆಯ ಬಾಯಿ ಒಂದು ಕ್ಷಣ ರಸ್ತೆಯ ಕಡೆಗೆ, ನಾನು ನಿಂತ ಕಡೆಗೆ ತಿರುಗಿತ್ತು. ಗುಂಡು ಹಾರಲಿಲ್ಲ. ಅಪ್ಪ ತಲೆ ಎತ್ತಿ ಮೊದಲು ನನ್ನನ್ನು ನೋಡಿದ, ಆಮೇಲೆ ಬಂದೂಕನ್ನು.

ರಸ್ತೆ ದಾಟಿ ಡಬ್ಬಿ ಕೊಟ್ಟೆ. "ಅವ್ವಗ ಹೇಳಬ್ಯಾಡ" ಎಂದ. ನಾನು ಹೇಳಿದೆ.

ಅಷ್ಟು ದಿನ ಅವನು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದದ್ದು, ಲೋಕಲ್ ರೈಲಿನಲ್ಲಿ ಎಡಗೈಯಲ್ಲೇ ಹಿಡಿಕೆ ಹಿಡಿಯುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಭುಜದ ನೋವಿಗೆ ಬಲಗೈ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಡಾಕ್ಟರರು ಭಾರ ಹೊರಬೇಡಿ ಎಂದರು. ಆದರೆ ಈ ನೌಕರಿ ಸಿಗುವುದೇ ಸ್ವಂತ ಬಂದೂಕು, ಸ್ವಂತ ಲೈಸೆನ್ಸ್ ಇದ್ದವರಿಗೆ. ಏಜೆನ್ಸಿಯ ಸೂಪರ್‌ವೈಸರ್ ಕೆಟ್ಟವನಲ್ಲ. ಹಗುರವಾದ ಬಂದೂಕು ತೆಗೆದುಕೊಳ್ಳಿ, ಗುರಿ ಹೊಡೆಯುವ ರೇಂಜಿಗೆ ಹೋಗಿ ಅದರಲ್ಲಿ ಐದು ಗುಂಡು ಹೊಡೆದು ತೋರಿಸಿ, ಅಲ್ಲಿಯವರೆಗೆ ಬಿಲ್ಡಿಂಗ್ ಗೇಟಿನಲ್ಲಿ ಲಾಠಿ ಡ್ಯೂಟಿ ಮಾಡಿ ಎಂದ. ತೋರಿಸಲು ಆಗದಿದ್ದರೆ ಲಾಠಿಯೇ ಕಾಯಂ. ಜೋಗೇಶ್ವರಿಯ ನಮ್ಮ ಚಾಳಿನ ಸಾಲುಮನೆಗಳಲ್ಲಿ ಎಲ್ಲರೂ ಅಪ್ಪನನ್ನು ಬಂದೂಕಿನ ಕಾಕಾ ಎನ್ನುತ್ತಿದ್ದರು. ಲಾಠಿ ಹಿಡಿದ ಮೇಲೆ ಅವನು ನಲ್ಲಿಯ ಹತ್ತಿರ ಜನ ಸೇರುವ ಮೊದಲೇ ನೀರು ತುಂಬಿಕೊಂಡು ಒಳಗೆ ಬಂದುಬಿಡುತ್ತಿದ್ದ.

ಬಂದೂಕಿನ ಅಂಗಡಿಗೆ ಅವ್ವನೂ ಬಂದಳು. ಅಂಗಡಿಯವರು ವಯಸ್ಸಾದವರು. ಹಿಂದಿಯಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಗಾಜಿನ ಮೇಲೆ ಎರಡು ಪಂಪ್ ಬಂದೂಕು ಇಟ್ಟರು. ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಮುಂದಿನ ತೋಟಾ ಒಳಗೆ ಬಂದು ಕೂರುತ್ತದೆ. ಒಂದು ಉಕ್ಕಿನದು. ಇನ್ನೊಂದರ ಮೈ ಅಲ್ಯೂಮಿನಿಯಂ, ಹಿಡಿ ಪ್ಲಾಸ್ಟಿಕ್.

ಅವ್ವ ಎರಡನೆಯದನ್ನು ಎರಡೂ ಅಂಗೈ ಮೇಲೆ ಎತ್ತಿ ನೋಡಿದಳು. "ಕುಕ್ಕರ್ ಇದ್ದಂಗ ಐತಲ್ರೀ ಇದು."

"ಸೀಟಿ ಹೊಡಿಯಂಗಿಲ್ಲ ಅಷ್ಟ" ಎಂದ ಅಪ್ಪ.

ಹೊರದೇಶದಲ್ಲಿ ಗುಡ್ಡಗಾಡಿನ ಹಕ್ಕಿ ಬೇಟೆಯವರು ಇಂಥದ್ದನ್ನೇ ಆರಿಸುತ್ತಾರೆ ಎಂದು ಅಂಗಡಿಯವರು ಹೇಳಿದರು. ದಿನವಿಡೀ ಹೊತ್ತು ಗುಡ್ಡ ಹತ್ತಬೇಕು, ಹೊಡೆಯುವುದು ಒಂದೋ ಎರಡೋ ಸಲ.

ಅಪ್ಪ ನಮ್ಮಿಬ್ಬರ ಕಡೆ ತಿರುಗಿದ. "ನಂದೂ ಹಂಗ ಅಲ್ಲೇನು? ದಿನಾ ಹೊರೂದು, ಹೊಡಿಯೂದಿಲ್ಲ. ಹಕ್ಕಿ ಅಷ್ಟ ಬರವಲ್ದು."

ಅದನ್ನು ಭುಜಕ್ಕೆ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದ. ತಿರುಗಿ ಬರುವಾಗ ಅವನ ಕುತ್ತಿಗೆ ನೇರವಾಗಿತ್ತು. ಬಹಳ ದಿನಗಳಿಂದ ಅದು ಒಂದು ಕಡೆಗೆ ವಾಲಿತ್ತೆಂಬುದು ನನಗೆ ಗೊತ್ತಾದದ್ದೇ ಆಗ.

"ಒಂದು ಮಾತು" ಎಂದರು ಅಂಗಡಿಯವರು. "ಹೊರುವುದಕ್ಕೆ ಇದು ಸುಖ. ಆದರೆ ಗುಂಡು ಹಾರಿದಾಗ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವನ್ನು ಬಂದೂಕಿನ ಭಾರವೇ ಸ್ವಲ್ಪ ನುಂಗಿಕೊಳ್ಳುತ್ತದೆ. ಇದರಲ್ಲಿ ಭಾರ ಇಲ್ಲ. ಎಲ್ಲವೂ ಭುಜಕ್ಕೇ ಬರುತ್ತದೆ."

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಪ್ಪನ ಭುಜವನ್ನೇ ನೋಡಿದಳು. "ದಿನಾ ಒಂದೀಟು ನೋಯೂದಕ್ಕಿಂತ ಒಂದಿನ ನೋಯಲಿ. ಹಗರದ್ದ ತಗೋರಿ. ಭುಜಕ್ಕ ನಾ ಏನಾರ ಮಾಡ್ತೀನಿ."

ಲೈಸೆನ್ಸಿನಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ಸೇರಿಸುವ ಓಡಾಟಕ್ಕೆ ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅವ್ವ ತಾನು ಮಾಡುತ್ತೇನೆಂದದ್ದನ್ನು ಮಾಡಿದ್ದಳು. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ, ಕೌದಿ ಹೊಲಿದಂತೆಯೇ ಒತ್ತಾಗಿ ಹೊಲಿಗೆ ಹಾಕಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಗಾದಿ. ಶರ್ಟಿನ ಒಳಗೆ ಭುಜದ ಮೇಲೆ ಕೂರುವಂತೆ ಕಂಕುಳ ಕೆಳಗಿನಿಂದ ಕಟ್ಟಿಕೊಳ್ಳಲು ಎರಡು ಲಾಡಿ.

ರೇಂಜು ಊರಾಚೆಗಿತ್ತು. ಬೆಳಗಿನ ಹೊತ್ತು. ಹೊಡೆಯುವವರ ಹಿಂದೆ, ಹಗ್ಗದ ಈಚೆಗೆ ನನ್ನನ್ನು ನಿಲ್ಲಿಸಿದ್ದರು. ಹೇಳಿಕೊಡುವವನು ಮಿಲಿಟರಿಯಿಂದ ನಿವೃತ್ತನಾದ ಮರಾಠಿಯವನು. ಅಪ್ಪ ಬಲಮೊಣಕೈಯನ್ನು ಎಷ್ಟು ಎತ್ತಬಲ್ಲನೋ ಅಷ್ಟು ಎತ್ತಿದ. ಬಂದೂಕಿನ ಬುಡವನ್ನು ಭುಜಕ್ಕೆ ಒತ್ತಿಕೊಂಡ. ಮೊದಲ ಗುಂಡು.

ನಾನು ಕಂಡದ್ದು ಇಷ್ಟು. ನಳಿಗೆ ಮೇಲಕ್ಕೆ ನೆಗೆಯಿತು. ಅಪ್ಪನ ಗದ್ದ ಪಕ್ಕಕ್ಕೆ ತಿರುಗಿತು. ಕಣ್ಣು ಮುಚ್ಚಿತು, ಬೇಗ ತೆರೆಯಲಿಲ್ಲ.

"ಕಾಕಾ, ಕಂಧಾ ಗಯಾ. ಛೋಡ್ ದೋ" ಎಂದ ಹೇಳಿಕೊಡುವವನು. ಭುಜ ಹೋಯಿತು, ಬಿಡಿ ಎಂದು. ದನಿಯಲ್ಲಿ ಬೈಗುಳ ಇರಲಿಲ್ಲ.

"ಏಕ್ ಮಿನಿಟ್ ಸಾಬ್." ಅಪ್ಪ ಬಂದೂಕನ್ನು ಮೇಜಿನ ಮೇಲಿಟ್ಟು ಹಗ್ಗದ ಹತ್ತಿರ ಬಂದ. "ತಂಗಿ, ಈ ಗಾದಿಯಾಗ ಏನೋ ಚುಚ್ಚತೈತಿ ನೋಡು." ಮಗಳಾದ ನನ್ನನ್ನು ಅವನು ಕರೆಯುವುದೇ ತಂಗಿ ಎಂದು.

ಗುಂಡಿ ಬಿಚ್ಚಿ ಗಾದಿ ತೆಗೆದೆ. ನಡುವೆ ಏನೋ ಗಟ್ಟಿ ಇತ್ತು. ಹಲ್ಲಿನಿಂದ ದಾರ ಕಡಿದು ಬೆರಳು ಹಾಕಿದೆ. ಒಣಗಿ ಹೆಂಚಿನ ಚೂರಿನಂತಾಗಿದ್ದ ಜೋಳದ ರೊಟ್ಟಿಯ ತುಂಡು.

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ನಡುವೆ ಒಂದಿಷ್ಟು ಜಾಗ ಬಿಟ್ಟು, ಅದರೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಅದು ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರಂತೆ. ಹೊದೆಯುವ ಕೌದಿಯಲ್ಲಿ ಆ ಚೂರು ಯಾರಿಗೂ ತಾಗುವುದಿಲ್ಲ. ಇಲ್ಲಿ ಬಂದೂಕಿನ ಬುಡ ಒದೆಯುವ ಜಾಗಕ್ಕೇ ಅದು ಕೂತಿತ್ತು.

"ಇದಕ್ಕೂ ಹೊಟ್ಟಿ ತುಂಬ್ಸ್ಯಾಳ ನಿಮ್ಮವ್ವ" ಎಂದ ಅಪ್ಪ.

"ಒಗೀಲೇನಪ್ಪಾ?"

"ರೊಟ್ಟಿ ಒಗೀತಾರೇನು?" ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಅಂಟಿದ್ದ ದಾರದ ಎಳೆ ಬಿಡಿಸಿ, ಬಾಯಿಗೆ ಹಾಕಿಕೊಂಡ. ಅಗಿಯುವ ಸದ್ದು ನನಗೆ ಕೇಳಿಸಿತು.

"ಕಾಕಾ, ನಾಷ್ಟಾ ಹೋ ಗಯಾ?" ಆಚೆಯಿಂದ ಹೇಳಿಕೊಡುವವನು ಕೇಳಿದ.

"ಹೋ ಗಯಾ ಸಾಬ್."

ಉಳಿದ ನಾಲ್ಕನ್ನು ಅವನು ಅವಸರ ಮಾಡದೆ ಹೊಡೆದ. ಒಂದೊಂದರ ಮಧ್ಯೆ ಎಡಗೈ ಹಿಡಿಯನ್ನು ಹಿಂದಕ್ಕೆಳೆದು ಮುಂದೆ ತಳ್ಳುತ್ತಿತ್ತು, ಸಲೀಸಾಗಿ. ನೋವು ಇತ್ತು. ಪ್ರತಿ ಸಲ ತುಟಿ ಬಿಗಿಯಾಗುತ್ತಿತ್ತು. ಆದರೆ ಕಣ್ಣು ಮುಚ್ಚಲಿಲ್ಲ. ಕೊನೆಗೆ ಹೇಳಿಕೊಡುವವನು ಗುರಿಯ ಹಾಳೆ ನೋಡಿ ಬಂದು, ಅಪ್ಪನ ಎಡಭುಜ ತಟ್ಟಿ, "ಚಲೇಗಾ" ಎಂದ. ನಡೆಯುತ್ತದೆ ಎಂದು. ನಾನು ಹಿಡಿದಿದ್ದ ಹಗ್ಗದ ಗುರುತು ಅಂಗೈ ಮೇಲೆ ಬಿದ್ದಿತ್ತು.

ಸಂಜೆ ಅವ್ವ ಶರ್ಟು ಬಿಚ್ಚಿಸಿ ನೋಡಿದಳು. ಭುಜ ನೀಲಿಗಟ್ಟಿತ್ತು. ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು.

"ನನ್ನ ಗಾದಿ ಏನೂ ಉಪಯೋಗ ಆಗಲಿಲ್ಲನ್ರೀ?"

"ಅದಿರ್ಲಿಲ್ಲಂದ್ರ ಎಲುಬ ಹೋಗ್ತಿತ್ತು. ನಾಳಿಂದ ಅಂಗಡಿ ಬಾಗಲಕ್ಕ ಬಾ ಅಂದಾನ ಸೂಪರ್‌ವೈಸರ್."

ಅವ್ವ ಶಾಖದ ಗಂಟನ್ನು ಒಂದು ಗಳಿಗೆ ಹಾಗೇ ಹಿಡಿದಳು, ಮತ್ತೆ ಒತ್ತಿದಳು. ಆಮೇಲೆ ಗಾದಿಯನ್ನು ಎತ್ತಿಕೊಂಡಾಗ ನಾನು ಕಡಿದ ಹೊಲಿಗೆ ಕಂಡಿತು. ಬೆರಳು ಹಾಕಿ ತಡವಿದಳು.

"ಇದರಾಗಿಂದು ಎಲ್ಲಿ?"

ನಾನು ಅಪ್ಪನ ಕಡೆ ನೋಡಿದೆ.

"ಹಸಿವಾಗಿತ್ತು" ಎಂದ ಅಪ್ಪ.

ಅವ್ವ ಅವನನ್ನು ನೋಡಿದಳು, ಭುಜದ ನೀಲಿಯನ್ನು ನೋಡಿದಳು. ಅವಳಿಗೆ ತಿಳಿಯಿತೆಂದು ನನಗನ್ನಿಸಿತು, ಆದರೆ ಅವಳು ಕೇಳಲಿಲ್ಲ. ಎದ್ದು ಅಡುಗೆ ಕಟ್ಟೆಯ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತಂದು ಗಾದಿಯೊಳಗೆ ಉದುರಿಸಿ, ಸೂಜಿಗೆ ದಾರ ಪೋಣಿಸಿದಳು.